ಅಗಸಿ ಹಿಂಡಿಗೆ ಉಪ್ಪು ಎಷ್ಟು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಮರುವರ್ಷವೇ ಒಂದು ಪರೀಕ್ಷೆಯಲ್ಲಿ ಫೇಲಾದೆ. ಅದು ರಕ್ತದ ಪರೀಕ್ಷೆ. ಕೊಬ್ಬಿನ ಅಂಕಿಗಳೆಲ್ಲ ಗೆರೆ ದಾಟಿ ಕೂತಿದ್ದವು. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಮೊಣಕಾಲು ಕೂಡ ನೋಯುವುದಿಲ್ಲ ಎಂದು ಓಣಿಯಲ್ಲೆಲ್ಲ ಬೀಗುತ್ತ ತಿರುಗಿದವಳಿಗೆ ಒಳ್ಳೇ ಶಾಸ್ತಿಯಾಯಿತು.

ಬಾಗಲಕೋಟೆಯ ನವನಗರದಲ್ಲಿ ನಾವು ತೋರಿಸಿಕೊಳ್ಳುವ ಡಾಕ್ಟರು ಮೈಸೂರು ಕಡೆಯವರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಗಿನ್ನೂ ಇಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ನಮ್ಮ ಮಂದಿ ಅವರನ್ನು ಗೌರವದಿಂದ ‘ಬಾಯಾರು’ ಎಂದು ಕರೆದಾಗ, ತಮಗೆ ಬಾಯಾರಿದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು ಮೊದಮೊದಲು “ಬೇಡಪ್ಪ, ನೀರು ಕುಡಿದೆ” ಎನ್ನುತ್ತಿದ್ದರಂತೆ. ನನ್ನ ವರದಿ ನೋಡಿ ಅವರು ನಿಧಾನವಾಗಿ ಹೇಳಿದರು:

“ಮೇಡಂ, ಮುಟ್ಟು ನಿಂತ ಮೇಲೆ ಹೆಂಗಸರ ಹೃದಯಕ್ಕಿದ್ದ ಒಂದು ಕಾವಲು ಹೋಗಿಬಿಡುತ್ತೆ. ಹಾರ್ಟು ಗಂಡಸರ ಕಾಯಿಲೆ ಅಂತ ನಾವು ಸುಮ್ಮನಿರ್ತೀವಿ. ದಿನಾ ನಡೀರಿ, ಎಣ್ಣೆ ಕಡಿಮೆ ಮಾಡಿ. ಅಗಸೆ ಬೀಜ ಗೊತ್ತಲ್ವಾ? ಅದನ್ನ ಹುರಿದು ಪುಡಿ ಮಾಡಿ ದಿನಾ ಒಂದೆರಡು ಚಮಚ ತಿನ್ನಿ. ಮೂರು ತಿಂಗಳು ನೋಡೋಣ. ಇಳೀಲಿಲ್ಲ ಅಂದ್ರೆ ಮಾತ್ರೆ ಶುರು ಮಾಡೋಣ.”

ಅಗಸೆ ಗೊತ್ತೇ ಎಂದು ನನ್ನನ್ನು ಕೇಳಿದರಲ್ಲ! ಮದುವೆಯಾಗಿ ಬಂದ ದಿನದಿಂದ ಗಂಡನ ಮನೆಯಲ್ಲಿ ನಾನು ಜಗಳವಾಡಿದ್ದರೆ ಅದು ಅಗಸೆಯ ಜೊತೆಗೇ. ನನ್ನ ಅತ್ತೆಯ ತವರು ಹುನಗುಂದದ ಹತ್ತಿರದ ಹಳ್ಳಿ, ಕರಿ ಎರೆಭೂಮಿ. ಹಿಂಗಾರಿ ಜೋಳದ ಹೊಲದಲ್ಲಿ ನಡುನಡುವೆ ಅಗಸಿಯ ಸಾಲು ಬಿಡುತ್ತಿದ್ದರಂತೆ. ಆ ನೀಲಿ ಹೂವಿನ ಸುದ್ದಿ ಬಂದರೆ ಅತ್ತೆಗೆ ಈಗಲೂ ತವರು ನೆನಪಾಗಿ ಧ್ವನಿ ಮೆತ್ತಗಾಗುತ್ತದೆ. ಅಲ್ಲಿಂದ ಅವರು ವರದಕ್ಷಿಣೆಯಾಗಿ ಏನು ತಂದರೋ ಗೊತ್ತಿಲ್ಲ, ಅಗಸಿ ಹಿಂಡಿಯನ್ನಂತೂ ತಂದರು. ಹಿಂಡಿ ಎಂದರೆ ನಮ್ಮಲ್ಲಿ ಚಟ್ನಿಪುಡಿ. ಅಗಸಿಯನ್ನು ಚಟಪಟ ಎನ್ನುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿದರೆ ಆಯಿತು. ನನ್ನ ತವರು ಇಳಕಲ್ಲು. ಅಲ್ಲಿ ನಮ್ಮ ಮನೆಯಲ್ಲಿ ಶೇಂಗಾ ಹಿಂಡಿಯದೇ ಕಾರಬಾರು. ಅಗಸಿಯ ಲೋಳೆ ನನ್ನ ಗಂಟಲಿಗೆ ಒಗ್ಗಲಿಲ್ಲ. “ಇದು ಗುಬ್ಬಿ ತಿನ್ನೂದ್ರಿ ಅತ್ತಿ” ಎಂದು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದೆ. ಮೂವತ್ತು ವರ್ಷ ಸರಿಸಿದ್ದೇನೆ.

ಈಗ ಯಾವ ಮೋರೆ ಹೊತ್ತು ಅವರ ಮುಂದೆ ಹೋಗಿ “ಹಿಂಡಿ ಕೊಡ್ರಿ” ಅನ್ನಲಿ? ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೊಡ್ಡ ಅಂಗಡಿಗೆ ಹೋಗಿ, ಹುರಿದ ಅಗಸೆಬೀಜದ ಪಾಕೀಟು ತಂದು, ಅದನ್ನು ನನ್ನ ಪುಸ್ತಕದ ಕಪಾಟಿನಲ್ಲಿ ಬಚ್ಚಿಟ್ಟು, ಕದ್ದು ಕದ್ದು ಮೊಸರಿಗೆ ಹಾಕಿಕೊಂಡು ತಿಂದೆ. ನಾಲ್ಕನೆಯ ದಿನ ಅತ್ತೆ ಆ ಪಾಕೀಟು ಹಿಡಿದು ಪಡಸಾಲೆಗೆ ಬಂದರು. ಮೇಲಿನ ಇಂಗ್ಲಿಷ್ ಅಕ್ಷರ ಅವರಿಗೆ ಓದಲು ಬರದಿದ್ದರೂ ಒಳಗಿನ ಕಾಳು ಬರುತ್ತಿತ್ತು.

“ಏನ ಯವ್ವಾ ಸೈನ್ಸಬಾಯಿ, ಗುಬ್ಬಿ ಸಾಕೀ ಏನು?”

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಕೊಂಡೆ. ಅತ್ತೆ ನಕ್ಕರು ನೋಡಿ, ಹಾಸಿದ ಚಾಪೆಯ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಎದ್ದು, ಮತ್ತೆ ಕೂತು ನಕ್ಕರು. “ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದು ನಿನ್ನ ನೋಡೇ ಹುಟ್ಟಿದ ಮಾತು” ಎಂದರು. ಅಂದಿನಿಂದ ನನ್ನ ತಟ್ಟೆಯಲ್ಲಿ ಅಗಸಿ ಹಿಂಡಿ ಬಿತ್ತು, ನಾನು ಬಾಯಿ ಮುಚ್ಚಿಕೊಂಡು ತಿಂದೆ. ಅಂದರೆ ಬಾಯಿ ತೆಗೆದೇ ತಿಂದೆ, ಮಾತು ಮಾತ್ರ ಆಡಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಕೆಡಿಸಿದ್ದು ನನ್ನ ಮೇಷ್ಟರಿಕೆ.

ಒಂದು ಭಾನುವಾರದ ಪೇಪರಿನಲ್ಲಿ ಅಗಸೆಯ ಬಗ್ಗೆ ಅರ್ಧ ಪುಟದ ಲೇಖನ ಬಂತು. ಸೋತವಳು ನಾನು, ಗೆದ್ದವರಿಗೆ ಒಂದು ಸನ್ಮಾನ ಆಗಲಿ ಎಂಬ ಉದಾರಬುದ್ಧಿ ಬಂದು, ಅದನ್ನು ತರಗತಿಯಲ್ಲಿ ಓದುವ ಧಾಟಿಯಲ್ಲಿಯೇ ಅತ್ತೆಗೆ ಓದಿ ಹೇಳಿದೆ. ಅಗಸೆಯಲ್ಲಿ ಲಿಗ್ನಾನ್ ಎಂಬ ವಸ್ತುವಿದೆ. ಅದು ಹೊಟ್ಟೆಗೆ ಹೋದ ಮೇಲೆ ಕರುಳಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ಬೇರೆ ರೂಪಕ್ಕೆ ತರುತ್ತವೆ. ಆ ರೂಪ ಹೆಂಗಸರ ಮೈಯ ಹಾರ್ಮೋನನ್ನು ಸ್ವಲ್ಪ ಹೋಲುತ್ತದೆ. ವಯಸ್ಸಾದ ಹೆಂಗಸರ ರಕ್ತನಾಳಕ್ಕೆ, ಕೊಬ್ಬಿಗೆ, ಬಿ.ಪಿ.ಗೆ ಅದರಿಂದ ಚೂರು ಒಳ್ಳೆಯದಾಗಬಹುದು ಎಂದು ಹುಡುಕುತ್ತಿದ್ದಾರೆ. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿದರೇ ಮೈಗೆ ಹತ್ತುವುದು.

“ಏನಂದಿ? ಲಿಂಗಾನs ಐತೇನು ಅಗಸ್ಯಾಗ?”

“ಲಿಂಗ ಅಲ್ರಿ ಅತ್ತಿ, ಲಿಗ್ನಾನ್.”

“ಅದs ಅದs. ನಮ್ಮವ್ವ ಸುಮ್ಮನ ಕುಟ್ಟತಿದ್ಲೇನು!” ದಿನ ಬೆಳಗಾದರೆ ಲಿಂಗಪೂಜೆ ಮಾಡದೆ ನೀರು ಕೂಡ ಮುಟ್ಟದ ನನ್ನ ಅತ್ತೆಗೆ ಆಮೇಲೆ ಯಾರು ಏನು ಹೇಳಿದರೂ ಅಷ್ಟೇ. ಓಣಿಯ ಹೆಣ್ಣುಮಕ್ಕಳಿಗೆಲ್ಲ ಅಗಸ್ಯಾಗ ಲಿಂಗ ಐತಿ ಎಂದು ಸಾರಿಬಿಟ್ಟರು.

ಲೇಖನದ ಕೊನೆಯಲ್ಲಿ ನಾಲ್ಕು ಸಾಲು ಉಳಿದಿದ್ದವು. ಇವೆಲ್ಲ ಸಣ್ಣ ಪರಿಣಾಮಗಳು, ಎಲ್ಲರಿಗೂ ಒಂದೇ ತರ ಆಗುವುದಿಲ್ಲ, ಔಷಧಿ ತೆಗೆದುಕೊಳ್ಳುವವರು ಅದನ್ನು ಬಿಡಬಾರದು ಎಂದು. ಕುಕ್ಕರು ಮೂರನೇ ಸೀಟಿ ಹೊಡೆಯಿತು, ಅತ್ತೆಯ ಮುಖದಲ್ಲಿ ಅಷ್ಟು ಸಂತೋಷ ಇತ್ತು. ಓದದೆ ಪೇಪರು ಮಡಚಿಟ್ಟೆ. ಪಾಠದ ಕೊನೆಯ ಪ್ಯಾರಾ ಬಿಟ್ಟರೆ ಮಕ್ಕಳಿಗೆ ಎಷ್ಟು ಬೈಯುತ್ತಿದ್ದೆ ನಾನು!

ಅತ್ತೆಗೆ ಬಿ.ಪಿ. ಬಂದು ಹನ್ನೆರಡು ವರ್ಷವಾಗಿತ್ತು. ವಯಸ್ಸು ಎಂಬತ್ತೆರಡು. ದಿನಾ ಮುಂಜಾನೆ ಒಂದು ಗುಳಿಗೆ, ತಪ್ಪದೆ. ಅದೇ ತಿಂಗಳು ಅವರ ಮಾಮೂಲಿ ತಪಾಸಣೆ ಬಂತು. ಇಬ್ಬರೂ ಹೋದೆವು. ಬಿ.ಪಿ. ಚೂರು ಮೇಲಿದೆ ಎಂದು ಡಾಕ್ಟರು ಊಟದ ವಿಚಾರ ಕೇಳಿದರು.

“ಅಜ್ಜಿ, ಊಟಕ್ಕೆ ಏನು ತಗೋತೀರಾ?”

“ರೊಟ್ಟಿ, ಪಲ್ಯೆ, ಹಿಂಡಿ.”

“ಹಿಂಡೀನಾ?”

“ಹೂನ್ರಿ. ಅಗಸಿ ಹಿಂಡಿ. ಎರಡೂ ಹೊತ್ತು ತಿಂತೇನಿ. ಮೊದಲಿನಕಿಂತ ಈಗ ಜಾಸ್ತಿನ ತಿಂತೇನಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದ ಚರಟಕ್ಕೆ ಅವರ ಕಡೆ ಹಿಂಡಿ ಅನ್ನುವುದು. “ಅದು ದನಕ್ಕೆ ಹಾಕೋದಲ್ವಾ ಅಜ್ಜಿ? ಇಲ್ಲಿ ಮನುಷ್ಯರೂ ತಿಂತಾರಾ?”

ಪಾಪ, ಅವರು ಕೇಳಿದ್ದು ಖರೆ ಖರೆ ಅಚ್ಚರಿಯಿಂದ, ಮರುಕದಿಂದ. ನಾನು ಆಗಲೇ ಬಿಡಿಸಿ ಹೇಳಿದ್ದರೆ ಮುಗಿದೇಹೋಗುತ್ತಿತ್ತು. ಹೇಳಲಿಲ್ಲ. ನನಗೆ ನಗು ಬಂದುಬಿಟ್ಟಿತು. ತಡೆಯಲು ಹೋದಷ್ಟೂ ಜಾಸ್ತಿಯಾಯಿತು. ಅತ್ತೆ ಒಮ್ಮೆ ಡಾಕ್ಟರ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ನಡೆದರು. ಮನೆಗೆ ಬಂದು ಮಗನಿಗೆ ಹೇಳಿದರು:

“ನಿನ್ನ ಹೇಣ್ತಿ ಇವತ್ತ ನನ್ನ ದನದ ದವಾಖಾನಿಗೆ ಕರಕೊಂಡ ಹೋಗಿದ್ಲಪಾ.”

ನಮ್ಮ ಯಜಮಾನರು ಇಂಥ ಹೊತ್ತಿನಲ್ಲಿ ಬಹಳ ಜಾಣರು. ಪೇಪರು ಮುಖದ ಮುಂದೆ ಎತ್ತಿ ಹಿಡಿದರು, ಅದು ತಲೆಕೆಳಗಾಗಿತ್ತು.

ನಾನು ಎರಡು ದಿನದಲ್ಲಿ ಸಿಟ್ಟು ಇಳಿಯುತ್ತದೆ ಅಂದುಕೊಂಡೆ. ಮೇಲೆ ಮೇಲೆ ಇಳಿಯಿತು ಕೂಡ. ಒಳಗೆ ಅವರು ಒಂದು ನಿರ್ಣಯ ಮಾಡಿಕೊಂಡಿದ್ದು ನನಗೆ ತಿಳಿಯಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಮಹಾಕೂಟಕ್ಕೆ ಹೋಗಿ ಬರೋಣ ಎಂದು ಅವರೇ ಹೊರಟರು. ಇಬ್ಬರೂ ಬಾದಾಮಿಯ ತನಕ ಬಸ್ಸಿನಲ್ಲಿ, ಅಲ್ಲಿಂದ ಟಂಟಂ ಆಟೋದಲ್ಲಿ ಹೋದೆವು. ಅತ್ತೆ ಉತ್ಸಾಹದಲ್ಲಿದ್ದರು. ಹೊಂಡದ ನೀರು ತಲೆಗೆ ಚಿಮುಕಿಸಿಕೊಂಡರು, ಗುಡಿ ಗುಡಿ ಸುತ್ತಿದರು. ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ರೊಟ್ಟಿ ಮಾರುವಾಕೆಯ ಹತ್ತಿರ ಕೂತು, ಅವಳ ಅಗಸಿ ಹಿಂಡಿ ನಾಲಗೆಗೆ ಹಚ್ಚಿ ನೋಡಿ, “ಬಳ್ಳೊಳ್ಳಿ ಕಮ್ಮಿ ಹಾಕೀ ವಾ” ಎಂದು ಆಕೆಗೇ ಪಾಠ ಹೇಳಿದರು. ಆಕೆ “ಆಗಲಿ ಅಮ್ಮಾ, ನಾಳಿಂದ ನೀವs ಬಂದ ಕುಟ್ಟರಿ” ಎಂದಳು. ನಾನಿನ್ನೂ ನಗುತ್ತಿದ್ದೆ. ಅತ್ತೆ ಎದ್ದು ಎರಡು ಹೆಜ್ಜೆ ಹಾಕಿದವರು ಹಾಗೇ ಕಟ್ಟೆಗೆ ಕೈಕೊಟ್ಟು ಕುಸಿದು ಕೂತರು. ಮುಖ ಬೂದಿಯಾಗಿತ್ತು. ಹಣೆ ತುಂಬ ಬೆವರು.

“ಏನಾತ್ರಿ ಅತ್ತಿ?”

“ಏನಿಲ್ಲ. ಎದಿ ಮ್ಯಾಲ ಯಾರೋ ಕುಂತಂಗಾಗೇತಿ.”

ಬಾದಾಮಿಯ ದವಾಖಾನೆ ಮುಟ್ಟುವ ತನಕ ಆ ಟಂಟಂ ಆಟೋದಲ್ಲಿ ಅವರ ಕೈ ಹಿಡಿದು ಕೂತಿದ್ದೆ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಜಗಳವಾಡಿದ ಕೈ ಅದು. ಬಿ.ಪಿ. ನೋಡಿದ ನರ್ಸು ಇನ್ನೊಮ್ಮೆ ನೋಡಿದಳು. ಇಸಿಜಿ ತೆಗೆದರು, ಇಂಜೆಕ್ಷನ್ ಕೊಟ್ಟರು, ಮೂರು ತಾಸು ಮಲಗಿಸಿದರು. ಹೃದಯಕ್ಕೆ ಪೆಟ್ಟು ಬಿದ್ದಿಲ್ಲ, ಆದರೆ ಸ್ವಲ್ಪದರಲ್ಲಿ ತಪ್ಪಿದೆ ಎಂದರು ಅಲ್ಲಿಯ ಡಾಕ್ಟರು. ಗುಳಿಗೆ ದಿನಾ ತಗೋತಾರಾ ಎಂದು ನನ್ನನ್ನು ಕೇಳಿದರು. ಹೌದು ಎನ್ನಲು ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಮಲಗಿದಲ್ಲಿಂದಲೇ ಹೇಳಿದರು:

“ಬಿಟ್ಟ ಒಂದೂವರಿ ತಿಂಗಳಾತ್ರಿ. ಹಿಂಡಿ ತಿಂತೇನಿ. ಅದರಾಗ ಎಲ್ಲಾ ಐತಂತ ನಮ್ಮ ಸೊಸಿ ಓದಿ ಹೇಳ್ಯಾಳ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ನವನಗರದ ನಮ್ಮ ಡಾಕ್ಟರ ಹತ್ತಿರ ನಾನೊಬ್ಬಳೇ ಹೋದೆ. ಅತ್ತೆ ಬರಲೊಲ್ಲೆ ಎಂದಿದ್ದರು, ಗುಳಿಗೆಯನ್ನೂ ಒಲ್ಲೆ ಎಂದಿದ್ದರು. “ನನ್ನ ದನಾ ಅಂದಾಕಿ ಕೊಟ್ಟ ಗುಳಿಗಿ ನಾ ನುಂಗೂದಿಲ್ಲ” ಎನ್ನುವುದು ಅವರ ಪಟ್ಟು. ನಾನು ಚೀಲದಲ್ಲಿ ಹಿಂಡಿಯ ಡಬ್ಬಿ, ಎರಡು ರೊಟ್ಟಿ ಒಯ್ದಿದ್ದೆ. ಡಬ್ಬಿಯ ಮುಚ್ಚಳ ತೆಗೆದು ಎಲ್ಲವನ್ನೂ ಹೇಳಿದೆ. ಡಾಕ್ಟರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

“ಅಯ್ಯೋ, ಇದು ಚಟ್ನಿಪುಡಿನಾ? ನಾನು ಅಜ್ಜಿಗೆ ದನ ಅಂದ ಹಾಗಾಯ್ತಲ್ಲ ಮೇಡಂ!”

ರೊಟ್ಟಿ ಮುರಿದು ಹಿಂಡಿ ಹಚ್ಚಿ ತಿಂದರು. ಇನ್ನೊಂದು ಚೂರು ಮುರಿದರು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಆಮೇಲೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು: “ಇದಕ್ಕೆ ಉಪ್ಪು ಎಷ್ಟು ಹಾಕ್ತಾರೆ?”

ನಾನು ಮುಷ್ಟಿ ತೋರಿಸಿದೆ.

“ಎರಡೂ ಹೊತ್ತು? ಮೊದಲಿಗಿಂತ ಜಾಸ್ತಿ?” ಅವರು ಎದ್ದು ನಿಂತರು. “ನಾನು ಅವತ್ತು ಹಿಂಡಿ ಅಂದ್ರೆ ಬರೀ ಎಣ್ಣೆ ತೆಗೆದ ಚರಟ ಅಂದ್ಕೊಂಡು, ಉಪ್ಪಿನ ವಿಷಯ ಕೇಳಲೇ ಇಲ್ಲ. ಅಗಸೆ ಒಳ್ಳೇದೇ, ಅಜ್ಜಿ ಕುಟ್ಟಿದ್ದೂ ಸರಿನೇ. ಆದರೆ ಅದು ಒಂದು ಕೈಯಲ್ಲಿ ಕೊಟ್ಟಿದ್ದನ್ನ ಉಪ್ಪು ಇನ್ನೊಂದು ಕೈಯಲ್ಲಿ ಕಿತ್ಕೊಂಡಿದೆ. ಮಾತ್ರೆನೂ ಇಲ್ಲ. ಹೀಗೇ ಬಿಟ್ರೆ ಮುಂದಿನ ಸಲ ಬಾದಾಮಿ ತನಕ ಹೋಗೋಕೆ ಟೈಮ್ ಇರಲ್ಲ ಮೇಡಂ.”

ಮನೆಗೆ ಬಂದು ನಾನು ಅತ್ತೆಯ ಮುಂದೆ ಕೂತು ಎರಡು ಮಾತು ಹೇಳಿದೆ. ಒಂದು, ಗುಳಿಗೆ ನುಂಗಬೇಕು. ಎರಡು, ಹಿಂಡಿಗೆ ಉಪ್ಪು ಹಾಕಬಾರದು. ಮೊದಲನೆಯದಕ್ಕೆ ಅವರು ಮಾತಾಡಲಿಲ್ಲ. ಎರಡನೆಯದಕ್ಕೆ ಮನೆ ಹಾರಿಹೋಗುವ ಹಾಗೆ ಮಾತಾಡಿದರು.

“ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಸಾಲಿಯೊಳಗ ಕಲಸಿಲ್ಲೇನ ನೀ? ಉಪ್ಪಿಲ್ಲದ ಹಿಂಡಿ ಯಾರಿಗೆ ಹಾಕ್ತಾರ ಹೇಳು? ದನಕ್ಕ ಹಾಕ್ತಾರ! ಹಂಗಾರ ನಿಮ್ಮ ಬಾಯಾರು ಅಂದದ್ದು ಖರೆನs ಆತು!”

ಒಳಗಿನಿಂದ ಯಜಮಾನರ ನಗು ಕೇಳಿಸಿತು, ತಕ್ಷಣ ಕೆಮ್ಮಾಗಿ ಬದಲಾಯಿತು. ಇನ್ನೊಂದು ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ನನಗೆ ಅಳು ಬಂತು. ಅತ್ತೆಯ ಮುಂದೆ ನಾನು ಅಳುವವಳಲ್ಲ. ಬಂದ ಹೊಸದರಲ್ಲಿಯೂ ಬಚ್ಚಲಿಗೆ ಹೋಗಿಯೇ ಅತ್ತವಳು.

“ತಪ್ಪು ನಂದೈತ್ರಿ ಅತ್ತಿ. ಪೇಪರಿನ್ಯಾಗ ಕೊನೀಗೆ ನಾಕ ಸಾಲ ಇದ್ವು. ಗುಳಿಗಿ ಬಿಡಬ್ಯಾಡ್ರಿ ಅಂತ ಬರದಿದ್ರು. ನೀವು ಖುಷಿಲಿದ್ರಿ ಅಂತ ನಾ ಓದಲಿಲ್ಲ. ದವಾಖಾನಿಯೊಳಗ ನಕ್ಕಾಕಿನೂ ನಾನs. ನಿಮಗೇನರೆ ಆದ್ರ ನಾ ಹ್ಯಾಂಗ ಇರ್ಲಿ?”

ಅತ್ತೆಯ ಮೋರೆಯ ಮೇಲಿನ ಸಿಟ್ಟು ಇಳಿಯಿತು. “ಮಾಸ್ತರ್ಕಿ ಮಾಡಿದಾಕಿ, ಪಾಠ ಪೂರಾ ಓದೂದಿಲ್ಲೇನ?” ಎಂದರು. ಆಮೇಲೆ, “ಹೋಗು, ನೀರ ತಾ” ಎಂದರು. ನಾನು ನೀರು ತಂದೆ. ಅವರು ಅಡಿಕೆ ಡಬ್ಬಿ ತೆಗೆದರು. ಒಂದೂವರೆ ತಿಂಗಳ ಗುಳಿಗೆ ಅದರೊಳಗೇ ಇತ್ತು. ಔಷಧ ಚೆಲ್ಲಬಾರದು ಎಂದು ಜೋಪಾನವಾಗಿ ಇಟ್ಟಿದ್ದರಂತೆ. ಅದರಲ್ಲಿ ಒಂದನ್ನು ತೆಗೆದು ನುಂಗಲು ಹೋದರು. ಬಿಚ್ಚಿಟ್ಟು ಹಳತಾದದ್ದು ಬೇಡ ಎಂದು ಕಿತ್ತುಕೊಂಡು ಹೊಸ ಪಟ್ಟಿಯಿಂದ ಒಂದನ್ನು ಕೊಟ್ಟೆ.

ಉಪ್ಪಿನ ಒಪ್ಪಂದಕ್ಕೆ ಇನ್ನೂ ಹತ್ತು ದಿನ ಹಿಡಿಯಿತು. ಪೂರಾ ಬಿಡುವುದು ಅವರ ಜೀವಕ್ಕೆ ಬರಲಿಲ್ಲ. ಮುಷ್ಟಿ ಹೋಗಿ ಚಿಟಿಕೆಗೆ ಬಂತು. ಉಪ್ಪು ಇಳಿದ ಕಡೆ ಬೆಳ್ಳುಳ್ಳಿ ಏರಿತು, ಹುಣಸೆ ಏರಿತು, ಕರಿಬೇವು ಹೊಸದಾಗಿ ಒರಳಿಗೆ ಇಳಿಯಿತು. ಮೊದಲ ದಿನ ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡು ಅತ್ತೆ ಕಣ್ಣು ಮುಚ್ಚಿದರು. ತೀರ್ಪು ಏನೆಂದು ನಾವಿಬ್ಬರೂ ಕಾದೆವು. “ದನಾ ತಿಂತಾವು, ಆದ್ರ ಖುಷಿಲೆ ತಿಂತಾವು” ಎಂದರು. ಎರಡೂ ಹೊತ್ತು ಹೋಗಿ ಒಂದೇ ಹೊತ್ತಾಯಿತು. ಸಂಜೆ ನಾವಿಬ್ಬರೂ ಸೆಕ್ಟರಿನ ರಸ್ತೆಯಲ್ಲಿ ನಡೆಯಲು ಹೊರಟೆವು. ನಾನು ಬೇಗ ನಡೆಯುತ್ತೇನೆಂದು ಅವರು, ಅವರು ನಿಂತವರನ್ನೆಲ್ಲ ಮಾತಾಡಿಸುತ್ತಾರೆಂದು ನಾನು, ದಿನಾ ಜಗಳವಾಡಿಕೊಂಡೇ ಮನೆಗೆ ಬರುತ್ತಿದ್ದೆವು. ಹಾಗಿರುವಾಗ ನನಗೆ ಡಾಕ್ಟರು ಕೊಟ್ಟ ಮೂರು ತಿಂಗಳೂ ಮುಗಿದವು, ನನ್ನ ರಕ್ತ ಮತ್ತೆ ಪರೀಕ್ಷೆಗೆ ಹೋಯಿತು.

ಈ ಸಲ ಅತ್ತೆ ತಾವೇ ಬರುತ್ತೇನೆ ಎಂದರು. ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮದುವೆಗೆ ಹೊರಟವರ ಹಾಗೆ ಹೊರಟರು. ಡಾಕ್ಟರು ಎದ್ದು ನಿಂತು, “ಅಜ್ಜಿ, ತಪ್ಪಾಯ್ತು” ಎಂದರು. ಅತ್ತೆ “ಕೂಡ್ರಿ ಬಾಯಾರ, ನೀವರೆ ಏನ ಮಾಡ್ತೀರಿ, ನಿಮ್ಮ ಕಡೆ ಹಿಂಡಿ ತಿಂದ ಗೊತ್ತಿಲ್ಲ” ಎಂದು ದೊಡ್ಡ ಮನಸ್ಸು ಮಾಡಿದರು. ಡಾಕ್ಟರು ಬಿ.ಪಿ. ನೋಡುವ ಪಟ್ಟಿ ಹಿಡಿದು ಅತ್ತೆಯ ಕೈಗೆ ಕೈ ಚಾಚಿದರು. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ನಂದ ಇರ್ಲಿ. ಮೊದಲ ಆಕಿ ರಕ್ತದ್ದು ಹೇಳ್ರಿ.”

“ಹೇಳ್ತೀನಿ ಅಜ್ಜಿ. ನಿಮ್ಮದೊಂದು ನಿಮಿಷ.”

“ಇಲ್ರಿ. ನಮ್ಮ ದೊಡ್ಡಕ್ಕಗೂ ಆಗ ಆಕಿ ವಯಸ್ಸs ಇತ್ತು. ಅರವತ್ತ. ರೊಟ್ಟಿ ಬಡಿಯಾಕತ್ತಾಕಿ ಎದಿ ಉರಿತೈತಿ ಅಂದ್ಲು. ಹೆಣಮಗಳಿಗೆ ಎಲ್ಲಿ ಹಾರ್ಟ್ ಇರ್ತೈತಿ, ಗ್ಯಾಸ್ ಅದು ಅಂತ ನಾನs ಸೋಡಾ ಕುಡಿಸಿದೆ. ತವಾದ ಮ್ಯಾಲಿನ ರೊಟ್ಟಿ ತಗಿಯೂದ್ರಾಗ ಹೋದ್ಲು. ಆಕಿದ ಹೇಳ್ರಿ ಮೊದಲ.”

ಅವರಿಗೆ ಅಕ್ಕ ಒಬ್ಬರಿದ್ದರು, ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡರು ಎಂದು ನನಗೆ ಗೊತ್ತಿತ್ತು. ಹೇಗೆ ಹೋದರು ಎಂದು ಗೊತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮೂರು ತಿಂಗಳು ನನ್ನ ತಟ್ಟೆಗೆ ಹಿಂಡಿ ಹಾಕುವಾಗ ಅವರು ಗೆದ್ದ ಖುಷಿಯಲ್ಲಿದ್ದಾರೆ ಅಂದುಕೊಂಡಿದ್ದೆ. ಅವರು ಹೆದರಿದ್ದರು.

ಡಾಕ್ಟರು ನನ್ನ ವರದಿ ಬಿಡಿಸಿದರು. ಕೆಟ್ಟ ಕೊಬ್ಬು ಇಳಿದಿತ್ತು; ಪೂರಾ ಅಲ್ಲ, ಆದರೆ ಸದ್ಯಕ್ಕೆ ಮಾತ್ರೆ ಬೇಡ ಎನ್ನುವಷ್ಟು. ನಡೆದಿದ್ದಕ್ಕೋ, ಎಣ್ಣೆ ಬಿಟ್ಟಿದ್ದಕ್ಕೋ, ಅಗಸೆಗೋ, ಯಾವುದರಿಂದ ಎಷ್ಟು ಎಂದು ಹೇಳಲು ಬರುವುದಿಲ್ಲ ಎಂದರು. ಅಗಸಿಯಿಂದಲೇ ಎಂದು ಅತ್ತೆ ಈಗ ಜಗಳಕ್ಕೆ ನಿಲ್ಲುತ್ತಾರೆ ಎಂದು ನಾನು ತಯಾರಾಗಿ ಕೂತಿದ್ದೆ. ಅವರು ಅಗಸಿಯ ಹೆಸರೇ ಎತ್ತಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಡಾಕ್ಟರ ಮುಂದೆ ಕೈ ಚಾಚಿದರು.

“ಈಗ ನಂದ ನೋಡ್ರಿ” ಎಂದರು.